ದೇಶಬಂಧು ಚಿತ್ತರಂಜನ ದಾಸರು

1925ನೆಯ ಇಸವಿ ಜೂನ್ 18ರ ಬೆಳಿಗ್ಗೆ ಕಲಕತ್ತೆಯ ಸಿಯಾಲ್ದಾ ರೈಲು ನಿಲ್ದಾಣದ ಸುತ್ತಲಿನ ಬೀದಿಗಳಲ್ಲಿ ಕಾಲಿಡಲು ತೆರಪಿರಲಿಲ್ಲ. ಡಾರ್ಜಿಲಿಂಗ್ ಬೆಟ್ಟದಿಂದ ಬರುವ ಗಾಡಿಯನ್ನು ಕಾಯುತ್ತ ಲಕ್ಷಾಂತರ ಜನ ನೆರೆದಿದ್ದರು. ಆ ಗಾಡಿಯಲ್ಲಿ ಬಂದದ್ದು ಎರಡು ದಿನಗಳ ಹಿಂದೆ ಕಣ್ಮುಚ್ಚಿದ್ದ ಚಿತ್ತರಂಜನ ದಾಸರ ಪಾರ್ಥಿವ ಶರೀರ. ಮಹಾತ್ಮಾ ಗಾಂಧಿಯವರು ತಮ್ಮ ಬಂಗಾಳದ ಪ್ರವಾಸವನ್ನು ಮೊಟಕುಗೊಳಿಸಿ ಅಲ್ಲಿಗೆ ಧಾವಿಸಿದ್ದರು. ಮೆರವಣಿಗೆ ಕಾಳೀಘಾಟ್ ಸಮೀಪದ ಕೇವಡಾತಲಾ ಸ್ಮಶಾನವನ್ನು ಮುಟ್ಟಲು ಅನೇಕ ತಾಸುಗಳೇ ಹಿಡಿದವು. ನಗರದ ಪ್ರಥಮ ಚುನಾಯಿತ ಮೇಯರರೂ ಒಂದು ರಾಜಕೀಯ ಪಕ್ಷದ ನಾಯಕರೂ ಆಗಿದ್ದವರಿಗೆ ಜನ ಸೇರುವುದು ಸಹಜವೇ. ಆದರೆ ಅಂದು ಅತ್ತವರಲ್ಲಿ ಬಹುಮಂದಿ ರಾಜಕಾರಣವನ್ನು ಅರಿಯದವರು. ಶಾಲೆಯ ಶುಲ್ಕಕ್ಕೆ ಹಣ ಪಡೆದವರು, ಮಗಳ ಮದುವೆಗೆ ನೆರವು ಪಡೆದವರು, ಫೀಸು ಕೊಡಲಾರದೆ ಮೊಕದ್ದಮೆ ಗೆದ್ದವರು, ಯಾವ ಪರಿಚಯವೂ ಇಲ್ಲದೆ ಅವರ ಮನೆಯ ಪಂಕ್ತಿಯಲ್ಲಿ ಉಂಡವರು. ಅವರೆಲ್ಲರೂ ಕಳೆದುಕೊಂಡದ್ದು ಮನೆಯ ಹಿರಿಯನೊಬ್ಬನನ್ನು.

ಚಿತ್ತರಂಜನರು ಹುಟ್ಟಿದ್ದು 1870ರ ನವೆಂಬರ್ 5ರಂದು, ಕಲಕತ್ತೆಯಲ್ಲಿ. ಮನೆತನದ ಮೂಲ ಢಾಕಾ ಪ್ರಾಂತದ ವಿಕ್ರಮಪುರ ಸೀಮೆಯ ತೇಲಿರ್‌ಬಾಗ್ ಎಂಬ ಹಳ್ಳಿ. ಆ ಸೀಮೆ ಈಗ ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಭುವನಮೋಹನ ದಾಸರು ಉಚ್ಚ ನ್ಯಾಯಾಲಯದ ಸಾಲಿಸಿಟರರು, ಬ್ರಹ್ಮಸಮಾಜದ ಅನುಯಾಯಿಗಳು, ಪತ್ರಿಕಾ ಸಂಪಾದಕರು. ತಾಯಿ ನಿಸ್ತಾರಿಣೀದೇವಿ. ದೊಡ್ಡಪ್ಪ ದುರ್ಗಾಮೋಹನ ದಾಸರು ವಿಧವೆಯಾಗಿದ್ದ ತಮ್ಮ ಚಿಕ್ಕ ವಯಸ್ಸಿನ ಮಲತಾಯಿಗೆ ತಾವೇ ಮುಂದೆ ನಿಂತು ಮರುಮದುವೆ ಮಾಡಿಸಿ, ಊರಿನವರ ನಿಂದೆಗೆ ಎದೆಗೊಟ್ಟ ಧೀರರು. ಸರಿಯೆಂದು ಕಂಡದ್ದನ್ನು ನಷ್ಟವೆಣಿಸದೆ ಮಾಡುವುದು ಆ ಮನೆಯಲ್ಲಿ ಹಿರಿಯರಿಂದ ಬಂದ ನಡವಳಿಕೆ. ಕೈಬಿಚ್ಚಿ ಕೊಡುವ ಗುಣವೂ ಹಾಗೆಯೇ ಬಂದದ್ದು. ಭುವನಮೋಹನರು ಗಳಿಸಿದ್ದನ್ನು ಹಿಡಿದಿಟ್ಟವರಲ್ಲ. ಬಂಧುಗಳನ್ನು ಸಾಕಿದರು, ಬೇಡಿದವರಿಗೆ ಕೊಟ್ಟರು, ಸ್ನೇಹಿತರ ಸಾಲಗಳಿಗೆ ಜಾಮೀನು ನಿಂತರು. ಈ ಕಡೆಯ ಸಂಗತಿಯೇ ಮುಂದೆ ಮಗನ ಬಾಳನ್ನು ಬಹುಕಾಲ ಕಾಡಿತು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1890ರಲ್ಲಿ ಪದವಿ ಪಡೆದ ಚಿತ್ತರಂಜನರು ಐ.ಸಿ.ಎಸ್. ಪರೀಕ್ಷೆಗಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿ ದಾದಾಭಾಯಿ ನವರೋಜಿಯವರ ಪಾರ್ಲಿಮೆಂಟ್ ಚುನಾವಣೆಯ ಪ್ರಚಾರದಲ್ಲಿ ಭಾಷಣ ಮಾಡುತ್ತ ತಿರುಗಿದರು; ಪರೀಕ್ಷೆಯಲ್ಲಿ ಆಯ್ಕೆಯಾಗಲಿಲ್ಲ. ಬ್ಯಾರಿಸ್ಟರರಾಗಿ ಮರಳಿದಾಗ ಮನೆಯಲ್ಲಿ ಸಾಲ ಕಾದಿತ್ತು, ಕೈಯಲ್ಲಿ ಮೊಕದ್ದಮೆಗಳಿರಲಿಲ್ಲ. ಆ ಬರಿಗೈಯ ದಿನಗಳಲ್ಲಿಯೇ ಅವರು ಮಾಲಂಚ ಎಂಬ ಕವಿತಾ ಸಂಗ್ರಹವನ್ನು ಪ್ರಕಟಿಸಿದರು. ಅದರಲ್ಲಿ ನಾಸ್ತಿಕತೆಯ ಛಾಯೆಯನ್ನು ಕಂಡು ಬ್ರಹ್ಮಸಮಾಜದ ಹಿರಿಯರು ಮುನಿದರು.

1897ರಲ್ಲಿ ಅವರ ವಿವಾಹವಾಯಿತು. ವಧು ವಾಸಂತೀದೇವಿ, ಅಸ್ಸಾಮಿನ ಬಿಜನಿ ಸಂಸ್ಥಾನದ ದಿವಾನರಾಗಿದ್ದ ಬರದಾನಾಥ ಹಾಲದಾರರ ಮಗಳು, ಆಗ ಹದಿನೇಳರ ಹರೆಯದವರು. ಚಿತ್ತರಂಜನರ ಔದಾರ್ಯವನ್ನು ಕುರಿತು ಬರೆದವರು ಅನೇಕರಿದ್ದಾರೆ. ಆ ಔದಾರ್ಯದ ಅರ್ಧ ಭಾಗ ವಾಸಂತೀದೇವಿಯವರದೆಂಬುದನ್ನು ಹಲವರು ಮರೆಯುತ್ತಾರೆ. ಗಂಡನು ಬೀದಿಯಲ್ಲಿ ನಿಂತು ಕೊಡುವಾಗ ಒಳಗೆ ಒಲೆಯನ್ನು ನಡೆಸಬೇಕಾದವಳು ಹೆಂಡತಿ. ಹೇಳದೆ ಕೇಳದೆ ಬರುವ ಹತ್ತಾರು ಅತಿಥಿಗಳಿಗೆ ಮುಖ ಬಾಡಿಸದೆ ಬಡಿಸುವುದು, ನಾಳೆಗೆ ಇಲ್ಲದಿದ್ದರೂ ಇಂದು ಕೊಟ್ಟದ್ದಕ್ಕೆ ಮರುಮಾತಾಡದಿರುವುದು, ಇವು ಭಾಷಣಕ್ಕೆ ಒದಗುವ ತ್ಯಾಗಗಳಲ್ಲ. ನಮ್ಮ ಮಠಗಳ ದಾಸೋಹದ ಮನೆಯನ್ನು ಕಂಡವರಿಗೆ ಮಾತ್ರ ಇದರ ಭಾರ ಎಷ್ಟೆಂದು ತಿಳಿದೀತು. ಆ ದಂಪತಿಗಳಿಗೆ ಮೂವರು ಮಕ್ಕಳು: ಹಿರಿಯ ಮಗಳು ಅಪರ್ಣಾ, ಒಬ್ಬನೇ ಮಗ ಚಿರರಂಜನ, ಕಿರಿಯ ಮಗಳು ಕಲ್ಯಾಣಿ.

1906ರಲ್ಲಿ ವಿಪತ್ತು ಬಾಗಿಲಿಗೇ ಬಂದಿತು. ತಂದೆಯ ಸಾಲಗಳಿಗೆ ಮಗನೂ ಸಹಿ ಹಾಕಿದ್ದರು. ತೀರಿಸುವ ದಾರಿ ಕಾಣದೆ ತಂದೆ ಮಗ ಇಬ್ಬರೂ ನ್ಯಾಯಾಲಯದಲ್ಲಿ ದಿವಾಳಿಗಳೆಂದು ಘೋಷಿತರಾದರು. ನ್ಯಾಯವಾದಿಯಾದವನಿಗೆ ಇದಕ್ಕಿಂತ ಮಿಗಿಲಾದ ಅವಮಾನವಿಲ್ಲ. ಪ್ರತಿದಿನ ತಾನು ವಾದಿಸಲು ಹೋಗುವ ಕಟ್ಟಡದಲ್ಲಿಯೇ ತನ್ನ ಹೆಸರು ಆ ಪಟ್ಟಿಯಲ್ಲಿರುವುದನ್ನು ಸಹಿಸಿಕೊಳ್ಳಬೇಕಾಗಿತ್ತು. ಕಾನೂನಿನ ದೃಷ್ಟಿಯಲ್ಲಿ ಅಲ್ಲಿಗೆ ಋಣ ಮುಗಿದಂತೆಯೇ. ಸಾಲಗಾರರು ಮುಂದೆ ಏನನ್ನೂ ಕೇಳುವಂತಿರಲಿಲ್ಲ.

ಇಂತಹ ಸ್ಥಿತಿಯಲ್ಲಿದ್ದಾಗಲೇ 1908ರಲ್ಲಿ ಅಲಿಪುರದ ಬಾಂಬು ಮೊಕದ್ದಮೆ ಬಂದಿತು. ಅರವಿಂದ ಘೋಷರು ಮತ್ತು ಅವರ ತಮ್ಮ ಬಾರೀಂದ್ರರ ಸಂಗಡ ಅನೇಕ ತರುಣರು ರಾಜದ್ರೋಹದ ಆರೋಪದ ಮೇಲೆ ಸೆರೆಯಲ್ಲಿದ್ದರು. ಆರೋಪ ಸಿದ್ಧವಾದರೆ ನೇಣು ಅಥವಾ ಅಂಡಮಾನ್. ಅರವಿಂದರ ಸಹೋದರಿ ಸಾರ್ವಜನಿಕರಲ್ಲಿ ಬೇಡಿ ಕೂಡಿಸಿದ ನಿಧಿ ಕರಗಿದ ಮೇಲೆ ವಾದಿಸುವವರಿಲ್ಲದಾಯಿತು. ಆಗ ಮುಂದೆ ಬಂದವರು ದಾಸರು. ಉಳಿದ ಮೊಕದ್ದಮೆಗಳನ್ನೆಲ್ಲ ಬದಿಗಿಟ್ಟು ತಿಂಗಳುಗಟ್ಟಲೆ ಇದೊಂದರಲ್ಲಿಯೇ ಮುಳುಗಿದರು. ಇನ್ನೂರಕ್ಕಿಂತ ಹೆಚ್ಚು ಸಾಕ್ಷಿಗಳು, ಸಾವಿರಾರು ದಾಖಲೆಗಳು. ಅರ್ಧ ರಾತ್ರಿಯವರೆಗೆ ಓದು, ಬೆಳಗಾದರೆ ನ್ಯಾಯಾಲಯ. ಮನೆಯ ಖರ್ಚಿಗಾಗಿ ಕುದುರೆಗಾಡಿಯನ್ನು ಮಾರಿದರು, ಹೊಸ ಸಾಲ ಮಾಡಿದರು, ಆರೋಗ್ಯವನ್ನು ಕೆಡಿಸಿಕೊಂಡರು. ಅಂತಿಮ ವಾದವೇ ಒಂದು ವಾರಕ್ಕೂ ಮಿಕ್ಕಿ ನಡೆಯಿತು. 1909ರ ಮೇ 6ರಂದು ಅರವಿಂದರು ನಿರ್ದೋಷಿಯೆಂದು ಬಿಡುಗಡೆಯಾದರು. ಅದೇ ತಿಂಗಳು ಉತ್ತರಪಾಡಾದಲ್ಲಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ ಅರವಿಂದರು, ಎಲ್ಲವನ್ನೂ ಬದಿಗೊತ್ತಿ ತನ್ನನ್ನು ಉಳಿಸಲು ಮೈ ಸವೆಸಿದ ಆ ಗೆಳೆಯನನ್ನು ನೆನೆದರು. ಆತನನ್ನು ಕಳಿಸಿದವನು ಭಗವಂತನೇ ಎಂದು ನಂಬಿದರು.

ದಿವಾಳಿಯೆಂದು ಸಾರಲ್ಪಟ್ಟ ಮನುಷ್ಯ, ಮೂರು ಮಕ್ಕಳ ತಂದೆ, ಹಣ ಬಾರದ ಮೊಕದ್ದಮೆಗಾಗಿ ಮತ್ತೆ ಸಾಲ ಮಾಡಿದ್ದು ವಿವೇಕವೇ ಎಂದು ಲೆಕ್ಕ ಬಲ್ಲವರು ಕೇಳಬಹುದು. ಆ ಪ್ರಶ್ನೆ ಅನ್ಯಾಯದ್ದಲ್ಲ. ಪುಣ್ಯವಶದಿಂದ ಆ ಮೊಕದ್ದಮೆಯೇ ಅವರ ಕೀರ್ತಿಯನ್ನು ದೇಶದ ಉದ್ದಗಲಕ್ಕೆ ಹರಡಿ ಕೆಲಸವನ್ನು ತಂದುಕೊಟ್ಟಿತು. ಆದರೆ ಒಪ್ಪಿಕೊಳ್ಳುವಾಗ ಅವರಿಗೆ ಅದು ತಿಳಿದಿರಲಿಲ್ಲ. ಸೋತಿದ್ದರೆ ಸಂಸಾರದ ಗತಿ ಏನಾಗುತ್ತಿತ್ತೆಂದು ಊಹಿಸುವುದೂ ಕಷ್ಟ.

ಕೆಲವೇ ವರ್ಷಗಳಲ್ಲಿ ಅವರು ಕಲಕತ್ತೆಯ ಅಗ್ರಗಣ್ಯ ನ್ಯಾಯವಾದಿಗಳಲ್ಲೊಬ್ಬರಾದರು. ಹಣ ಹೊಳೆಯಾಗಿ ಬಂದಿತು. ಬಂದಾಗ ಅವರು ಮೊದಲು ಮಾಡಿದ ಕೆಲಸವೆಂದರೆ ಹಳೆಯ ಸಾಲಗಾರರನ್ನು ಹುಡುಕಿದ್ದು. 1913ರಲ್ಲಿ, ಕಾನೂನಿನ ಬಾಧ್ಯತೆ ಯಾವುದೂ ಇಲ್ಲದಿದ್ದರೂ, ತಂದೆಯದೂ ತಮ್ಮದೂ ಆದ ಸಾಲವನ್ನು ಪೂರ್ತಿಯಾಗಿ ತೀರಿಸಿ, ದಿವಾಳಿಯ ಘೋಷಣೆಯನ್ನು ರದ್ದುಪಡಿಸಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಕೊಟ್ಟರು. ಹಾಗೆ ಬಂದು ಹಣ ಕಟ್ಟಿದವರು ನ್ಯಾಯಾಲಯದ ಅನುಭವದಲ್ಲಿ ವಿರಳ; ನ್ಯಾಯಾಧೀಶರೇ ಬೆರಗಾದರು. ಬೇಡಿದವನಿಗೆ ಕೊಟ್ಟರೆ ಹೊಗಳಿಕೆಯಾದರೂ ದೊರೆಯುತ್ತದೆ. ಮರೆತುಹೋದ ಸಾಲವನ್ನು ತಾನಾಗಿ ತಂದೊಪ್ಪಿಸುವವನಿಗೆ ಬೇರೊಂದು ಬಗೆಯ ಎದೆ ಬೇಕು. ದಾಸರ ದಾನಗಳೆಲ್ಲವನ್ನೂ ಒಂದು ತಕ್ಕಡಿಯಲ್ಲಿಟ್ಟು 1913ರ ಈ ಒಂದು ಕಾರ್ಯವನ್ನು ಇನ್ನೊಂದರಲ್ಲಿಟ್ಟರೆ ಯಾವುದು ಭಾರವಾದೀತೋ ಹೇಳಬರುವಂತಿಲ್ಲ.

ಗೆಳೆಯರಿಗೆ ಕೊಡುವಾಗ ಅವರಿಗೆ ಒಂದು ಸೂಕ್ಷ್ಮವಿತ್ತು: ತೆಗೆದುಕೊಳ್ಳುವವನು ತಲೆ ತಗ್ಗಿಸಬೇಕಾಗಿ ಬರಬಾರದು. ಪುದುಚೇರಿಗೆ ಹೋಗಿ ನೆಲೆಸಿದ್ದ ಅರವಿಂದರು ಕಡು ಬಡತನದಲ್ಲಿದ್ದರು. ದಾಸರು ಸುಮ್ಮನೆ ಹಣ ಕಳಿಸಲಿಲ್ಲ. ತಮ್ಮ ಸಾಗರ ಸಂಗೀತ ಎಂಬ ಕಾವ್ಯವನ್ನು ಇಂಗ್ಲಿಷಿಗೆ ಅನುವಾದಿಸಿ ಕೊಡಬೇಕೆಂದು ಕೇಳಿ ಅದಕ್ಕೆ ಸಾವಿರ ರೂಪಾಯಿ ಸಂಭಾವನೆ ಕೊಟ್ಟರು. ಅನುವಾದವೂ ಆಯಿತು, ನೆರವೂ ಆಯಿತು. ತಾವು ನಡೆಸುತ್ತಿದ್ದ ನಾರಾಯಣ ಎಂಬ ಮಾಸಪತ್ರಿಕೆಗೆ ಕತೆ ಬರೆದುಕೊಟ್ಟ ಶರಚ್ಚಂದ್ರ ಚಟರ್ಜಿಯವರಿಗೆ ಮೊತ್ತವನ್ನು ಬರೆಯದ ಚೆಕ್ಕಿಗೆ ಸಹಿ ಹಾಕಿ ಕಳಿಸಿದರೆಂದೂ, ಶರಚ್ಚಂದ್ರರು ಅದರಲ್ಲಿ ನೂರು ರೂಪಾಯಿ ಮಾತ್ರ ಬರೆದುಕೊಂಡರೆಂದೂ ಬಂಗಾಳದಲ್ಲಿ ಹೇಳುವುದುಂಟು. ಕೊಟ್ಟವನ ದೊಡ್ಡತನವೋ ಪಡೆದವನ ದೊಡ್ಡತನವೋ ತೀರ್ಮಾನಿಸುವುದು ಓದುಗರಿಗೆ ಬಿಟ್ಟದ್ದು.

ಮನೆಯೊಳಗಿನ ಚಿತ್ತರಂಜನರನ್ನು ಕುರಿತು ಅವರ ಹಿರಿಯ ಮಗಳು ಅಪರ್ಣಾದೇವಿಯವರು ಮುಂದೆ ಬಂಗಾಳಿಯಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದಕ್ಕೆ ಅವರಿಟ್ಟ ಹೆಸರಿನಲ್ಲಿ ದೇಶಬಂಧು ಎಂಬ ಬಿರುದಿಲ್ಲ. ಮನುಷ್ಯ ಚಿತ್ತರಂಜನ ಎಂದಷ್ಟೇ ಇದೆ. ಅಪರ್ಣಾದೇವಿಯವರು ಒಳ್ಳೆಯ ಕೀರ್ತನಗಾಯಕಿ. ವೈಷ್ಣವ ಪದಾವಳಿಗಳಲ್ಲಿ ತಂದೆಗಿದ್ದ ಪ್ರೀತಿ ಮಗಳ ಕಂಠದಲ್ಲಿ ನೆಲೆಯೂರಿತು. ಈ ಮಗಳ ಮದುವೆಯನ್ನು ದಾಸರು ಬೇರೆ ಜಾತಿಯ ಮನೆತನದ ಬ್ಯಾರಿಸ್ಟರರೊಬ್ಬರೊಡನೆ ಹಿಂದೂ ವಿಧಿಯಂತೆ ನೆರವೇರಿಸಿದರು. ಹಳೆಯ ಸಂಪ್ರದಾಯದವರಿಗೆ ಜಾತಿ ಕೆಟ್ಟಿತೆಂಬ ಸಿಟ್ಟು, ಬ್ರಹ್ಮಸಮಾಜದವರಿಗೆ ಹಿಂದೂ ವಿಧಿಯೇಕೆಂಬ ಅಸಮಾಧಾನ. ಎರಡೂ ಕಡೆಯ ಮುನಿಸನ್ನು ಅವರು ಒಟ್ಟಿಗೆ ಹೊತ್ತರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಮಕ್ಕಳ ಇಂತಹದೇ ಒಂದು ಮದುವೆಗೆ ತೆತ್ತ ಬೆಲೆಯನ್ನು ಬಲ್ಲ ನಮ್ಮವರಿಗೆ, ಇಪ್ಪತ್ತನೆಯ ಶತಮಾನದ ತಂದೆಯೊಬ್ಬನ ಈ ನಿರ್ಧಾರದ ತೂಕವನ್ನು ವಿವರಿಸಬೇಕಾಗಿಲ್ಲ. ಅಪರ್ಣಾದೇವಿಯವರ ಮಗ ಸಿದ್ಧಾರ್ಥ ಶಂಕರ ರಾಯ್ 1972ರಿಂದ 1977ರವರೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿದ್ದರು.

1919ರ ಜಲಿಯನ್‌ವಾಲಾ ಬಾಗ್ ದುರಂತವನ್ನು ವಿಚಾರಿಸಲು ಕಾಂಗ್ರೆಸ್ಸು ನೇಮಿಸಿದ ಸಮಿತಿಯಲ್ಲಿ ದಾಸರು ಗಾಂಧೀಜಿಯವರೊಡನೆ ದುಡಿದರು. 1920ರ ಡಿಸೆಂಬರಿನಲ್ಲಿ ನಾಗಪುರದ ಅಧಿವೇಶನಕ್ಕೆ ಅವರು ಹೋದದ್ದು ಅಸಹಕಾರದ ಕಾರ್ಯಕ್ರಮವನ್ನು ವಿರೋಧಿಸುವುದಕ್ಕೆ. ಸ್ವಂತ ಖರ್ಚಿನಲ್ಲಿ ನೂರಾರು ಪ್ರತಿನಿಧಿಗಳನ್ನು ಸಂಗಡ ಕರೆದೊಯ್ದಿದ್ದರು. ಗಾಂಧೀಜಿಯವರೊಡನೆ ಮಾತುಕತೆಯಾದ ಮೇಲೆ ಆ ಗೊತ್ತುವಳಿಯನ್ನು ಸಭೆಯ ಮುಂದೆ ಮಂಡಿಸಿದವರೂ ಅವರೇ. ಮರಳಿದವರು ವಕೀಲಿಯನ್ನು ಬಿಟ್ಟರು. ರಾಜವೈಭೋಗದ ಉಡಿಗೆ ತೊಡಿಗೆ ಹೋಗಿ ಖಾದಿ ಬಂದಿತು. ಜನರು ದೇಶಬಂಧುವೆಂದು ಕರೆದದ್ದು ಈ ಕಾಲದಲ್ಲಿ. ಕೇಂಬ್ರಿಜ್‌ನಿಂದ ಪತ್ರ ಬರೆದು, ಐ.ಸಿ.ಎಸ್. ಹುದ್ದೆಯನ್ನು ತೊರೆದು, ಸುಭಾಷಚಂದ್ರ ಬೋಸ್ ಎಂಬ ಇಪ್ಪತ್ತನಾಲ್ಕರ ತರುಣ ಅವರ ಬಾಗಿಲಿಗೆ ಬಂದದ್ದೂ 1921ರಲ್ಲಿಯೇ. ಸುಭಾಷರಿಗೆ ಅಲ್ಲಿ ಗುರು ಮಾತ್ರವಲ್ಲ, ವಾಸಂತೀದೇವಿಯವರಲ್ಲಿ ಇನ್ನೊಬ್ಬ ತಾಯಿಯೂ ದೊರೆತರು.

ಅದೇ ವರ್ಷದ ಡಿಸೆಂಬರಿನಲ್ಲಿ ನಡೆದದ್ದು ಇಡೀ ಜೀವನಚರಿತ್ರೆಯ ನಡುಗಂಬದಂತಿದೆ. ಇಂಗ್ಲೆಂಡಿನ ಯುವರಾಜನು ಕಲಕತ್ತೆಗೆ ಬರುವವನಿದ್ದ. ಬಹಿಷ್ಕಾರವನ್ನು ಸಂಘಟಿಸುತ್ತಿದ್ದ ಸ್ವಯಂಸೇವಕ ದಳಗಳನ್ನು ಸರ್ಕಾರ ನಿಷೇಧಿಸಿತು. ಆಜ್ಞೆಯನ್ನು ಮುರಿದು ಬೀದಿಯಲ್ಲಿ ಖಾದಿ ಮಾರಲು ಮೊದಲು ಯಾರು ಹೋಗಬೇಕು? ದಾಸರು ತಮ್ಮ ಒಬ್ಬನೇ ಮಗ ಚಿರರಂಜನನನ್ನು ಕಳಿಸಿದರು. ತನ್ನ ಮಗನನ್ನು ಮನೆಯಲ್ಲಿಟ್ಟುಕೊಂಡು ಪರರ ಮಕ್ಕಳನ್ನು ಸೆರೆಮನೆಗೆ ಕರೆಯುವುದು ಅವರಿಗೆ ಸಾಧ್ಯವಿರಲಿಲ್ಲ. ಡಿಸೆಂಬರ್ 6ರಂದು ಮಗ ಬಂಧಿತನಾದ. ಮರುದಿನ ವಾಸಂತೀದೇವಿಯವರು ದಾಸರ ಸಹೋದರಿ ಊರ್ಮಿಳಾದೇವಿಯವರೊಡನೆ ಹೊರಟರು. ಗಂಡಸರು ಒಬ್ಬರಾದರೂ ಹೊರಗಿರುವಾಗ ಹೆಂಗಸರು ಹೋಗಕೂಡದೆಂದು ಕಿರಿಯ ಕಾರ್ಯಕರ್ತರೆಲ್ಲ ಅಡ್ಡ ನಿಂತರು, ದಾಸರು ಜಗ್ಗಲಿಲ್ಲ. ಆ ತಾಯಂದಿರನ್ನು ಪೊಲೀಸರು ಬಂಧಿಸಿದರೆಂಬ ಸುದ್ದಿ ಹಬ್ಬಿದೊಡನೆ ಕಲಕತ್ತೆ ಉರಿಯೆದ್ದಿತು. ಸರ್ಕಾರ ಬೆದರಿ ಅಂದಿನ ರಾತ್ರಿಯೇ ಬಿಡುಗಡೆ ಮಾಡಿತು. ಆದರೆ ಅಷ್ಟರಲ್ಲಿ ಜನ ಸಾಲುಗಟ್ಟಿ ಸೆರೆಗೆ ನಡೆಯತೊಡಗಿದ್ದರು, ಸೆರೆಮನೆಗಳಲ್ಲಿ ಸ್ಥಳವಿಲ್ಲದಾಯಿತು. 10ರಂದು ದಾಸರೇ ಬಂಧಿತರಾದರು.

ಮಡದಿಯನ್ನೂ ಮಗನನ್ನೂ ಮುಂದೆ ಕಳಿಸಿದ ಈ ಕಾರ್ಯವನ್ನು ಔದಾರ್ಯವೆನ್ನಬಹುದೇ? ತನ್ನ ಹಣವನ್ನು ಕೊಡುವ ಹಕ್ಕು ಎಲ್ಲರಿಗೂ ಉಂಟು. ತನ್ನವರನ್ನು ಕೊಡುವ ಹಕ್ಕು ಯಾರಿಗುಂಟು? ಇದಕ್ಕೆ ಉತ್ತರ ವಾಸಂತೀದೇವಿಯವರ ಮುಂದಿನ ನಡತೆಯಲ್ಲಿದೆ. ಗಂಡ ಸೆರೆಯಲ್ಲಿರುವಾಗ 1922ರ ಏಪ್ರಿಲಿನಲ್ಲಿ ಚಿತ್ತಗಾಂಗಿನಲ್ಲಿ ಸೇರಿದ ಬಂಗಾಳ ಪ್ರಾಂತೀಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಕಳಿಸಿದ್ದರಿಂದ ಹೋದವರ ನಡೆಯಲ್ಲ ಅದು.

ಸೆರೆಮನೆಯಲ್ಲಿ ದಾಸರಿಗೆ ಸುಭಾಷರ ಸಹವಾಸ ದೊರೆಯಿತು. ಗುರುವಿಗೆ ಅಡುಗೆ ಮಾಡಿ ಬಡಿಸುವ ಭಾಗ್ಯ ಶಿಷ್ಯನದಾಯಿತು. ಅಲ್ಲಿ ತಮ್ಮ ಚಾಕರಿಗೆ ನೇಮಿತನಾಗಿದ್ದ ಹಳೆಯ ಅಪರಾಧಿಯೊಬ್ಬನ ಮೇಲೆ ದಾಸರಿಗೆ ಮಮತೆ ಬೆಳೆದು, ಅವನು ಬಿಡುಗಡೆಯಾದ ಮೇಲೆ ಮನೆಗೇ ಕರೆಸಿ ಇಟ್ಟುಕೊಂಡರು. ಮನೆಯಲ್ಲಿ ಬೆಲೆಬಾಳುವ ವಸ್ತುಗಳಿವೆ, ಜೋಕೆ ಎಂದು ಹೇಳುವವರ ಮಾತು ಇಂತಹವರ ಕಿವಿಗೆ ಬೀಳುವುದಿಲ್ಲ.

ಮುಂದಿನ ರಾಜಕಾರಣವನ್ನು ಇಲ್ಲಿ ವಿಸ್ತರಿಸುವ ಅವಶ್ಯಕತೆಯಿಲ್ಲ. 1922ರ ಗಯಾ ಅಧಿವೇಶನದ ಅಧ್ಯಕ್ಷತೆ, ಮೋತಿಲಾಲ ನೆಹರೂ ಅವರೊಡನೆ 1923ರ ಜನವರಿಯಲ್ಲಿ ಸ್ವರಾಜ್ಯ ಪಕ್ಷದ ಸ್ಥಾಪನೆ, ಹಿಂದೂ ಮುಸಲ್ಮಾನರ ಸೌಹಾರ್ದಕ್ಕಾಗಿ ಬಂಗಾಳ ಒಪ್ಪಂದ, 1924ರಲ್ಲಿ ಕಲಕತ್ತೆಯ ಮೇಯರ್ ಪದವಿ. ಗಾಂಧೀಜಿಯವರೊಡನೆ ಶಾಸನಸಭೆಯ ಪ್ರವೇಶದ ವಿಷಯದಲ್ಲಿ ತೀವ್ರ ಭೇದವಿದ್ದರೂ ಸ್ನೇಹ ಕೆಡಲಿಲ್ಲ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಅವರಿಬ್ಬರೂ ಮೋತಿಲಾಲರೂ ಕೂಡಿ ಮಾಡಿಕೊಂಡಿದ್ದ ಒಡಂಬಡಿಕೆಗೆ ಸಮ್ಮತಿ ದೊರೆಯಿತು. ಕನ್ನಡ ನೆಲಕ್ಕೆ ದಾಸರು ಬಂದಾಗ ದೇಹ ಆಗಲೇ ಸೋತಿತ್ತು. ಮರಳಿದ ಮೇಲೆ ಹಾಸಿಗೆ ಹಿಡಿದರು. 1925ರ ಜನವರಿಯಲ್ಲಿ ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡುವ ಮಸೂದೆ ಬಂಗಾಳದ ಶಾಸನಸಭೆಯ ಮುಂದೆ ಬಂದಾಗ ಅವರನ್ನು ಹೊತ್ತು ಸಭೆಗೆ ತರಬೇಕಾಯಿತು. ಸುಭಾಷರು ಆಗಲೇ ಬಂಧನದಲ್ಲಿದ್ದರು. ಬರ್ಮಾದ ಮಾಂಡಲೆಯ ಸೆರೆಮನೆಗೆ ಸಾಗಿಸಲ್ಪಟ್ಟ ಆ ಶಿಷ್ಯ ಗುರುವನ್ನು ಮತ್ತೆ ಕಾಣಲಿಲ್ಲ.

ಈ ಕೊನೆಯ ತಿಂಗಳುಗಳಲ್ಲಿ ದಾಸರು ಉಳಿದಿದ್ದ ದೊಡ್ಡ ಆಸ್ತಿಯನ್ನೂ ಕೈಬಿಟ್ಟರು. ರಸ್ಸಾ ರಸ್ತೆಯ 148ನೆಯ ನಂಬರಿನ ಮನೆ, ಮಕ್ಕಳು ಬೆಳೆದ ಮನೆ, ಊರೆಲ್ಲ ಉಂಡ ಮನೆ; ಅದನ್ನು ಟ್ರಸ್ಟಿಗೆ ಬರೆದುಕೊಟ್ಟರು. ಅದರ ಮೇಲೆ ಸಾಲದ ಭಾರವೂ ಇತ್ತು. ವಕೀಲಿ ಬಿಟ್ಟು ನಾಲ್ಕು ವರ್ಷಗಳಾಗಿತ್ತು. ಕೊಡುವುದು ಮಾತ್ರ ನಿಂತಿರಲಿಲ್ಲ.

ಮೇ ತಿಂಗಳಲ್ಲಿ ಹವೆಗಾಗಿ ಡಾರ್ಜಿಲಿಂಗಿಗೆ ಹೋದರು. ಜೂನ್ ಆರಂಭದಲ್ಲಿ ಗಾಂಧೀಜಿಯವರು ಅಲ್ಲಿಗೆ ಬಂದು ಕೆಲವು ದಿನ ಅವರ ಸಂಗಡವಿದ್ದರು. ದಾಸರಿಗೆ ಚರಕವನ್ನು ಕಲಿಸಲು ಗಾಂಧೀಜಿಯವರು ಯತ್ನಿಸಿದರು. ವಾಕ್ಯಗಳನ್ನು ಎಳೆಎಳೆಯಾಗಿ ನೂತು ಅರವಿಂದರನ್ನು ಉಳಿಸಿದ ಕೈಗೆ ನೂಲು ಮಾತ್ರ ಸುಲಭವಾಗಿ ಒಲಿಯಲಿಲ್ಲ. ಜೂನ್ 16ರ ಸಂಜೆ ದಾಸರು ತೀರಿಕೊಂಡರು. ಆಗ ಅವರಿಗೆ ಐವತ್ತೈದು ವರ್ಷ ಕೂಡ ತುಂಬಿರಲಿಲ್ಲ.

ಅಂತ್ಯಕ್ರಿಯೆಯಾದ ಮೇಲೆ ಗಾಂಧೀಜಿಯವರು ಬಂಗಾಳವನ್ನು ಕೂಡಲೇ ಬಿಡಲಿಲ್ಲ. ಅದೇ ಮನೆಯಲ್ಲಿ ಉಳಿದು, ವಾಸಂತೀದೇವಿಯವರ ದುಃಖದಲ್ಲಿ ಪಾಲ್ಗೊಂಡು, ಹತ್ತು ಲಕ್ಷ ರೂಪಾಯಿಗಳ ಸ್ಮಾರಕ ನಿಧಿಗಾಗಿ ಮನೆ ಮನೆಗೆ ಕೈಯೊಡ್ಡಿದರು. ಜೀವಮಾನವೆಲ್ಲ ಕೊಟ್ಟವನ ಹೆಸರಿನಲ್ಲಿ ಬೇಡಿದಾಗ ಹಲವು ಲಕ್ಷಗಳು ಸೇರಿದವು. 1926ರಲ್ಲಿ ಆ ಮನೆ ಹೆಂಗಸರ ಆಸ್ಪತ್ರೆಯಾಗಿ, ಚಿತ್ತರಂಜನ ಸೇವಾ ಸದನವೆಂಬ ಹೆಸರಿನಿಂದ ತೆರೆಯಿತು. ಅಲ್ಲಿಯೇ ಬೆಳೆದ ಕ್ಯಾನ್ಸರ್ ಆಸ್ಪತ್ರೆಯನ್ನು 1950ರ ಜನವರಿಯಲ್ಲಿ ಮೇರಿ ಕ್ಯೂರಿಯವರ ಮಗಳು ಐರೀನ್ ಜೋಲಿಯೋ ಕ್ಯೂರಿ ಉದ್ಘಾಟಿಸಿದರು.

ವಾಸಂತೀದೇವಿಯವರ ಪಾಲಿಗೆ ಇನ್ನೊಂದು ಆಘಾತ ಕಾದಿತ್ತು. 1926ರಲ್ಲಿ, ಗಂಡನನ್ನು ಕಳೆದುಕೊಂಡ ಮರುವರ್ಷವೇ, ಚಿರರಂಜನನೂ ತೀರಿಕೊಂಡನು. ಮಾಂಡಲೆಯಿಂದ ಸುಭಾಷರು ಆ ತಾಯಿಗೆ ಪತ್ರಗಳನ್ನು ಬರೆಯುತ್ತಿದ್ದರು. ಬಿಡುಗಡೆಯಾಗಿ ಬಂದ ಮೇಲೂ ಕಷ್ಟ ಬಂದಾಗಲೆಲ್ಲ ಅವರ ಬಳಿಗೆ ಹೋಗುತ್ತಿದ್ದರು. ಗಂಡನ ನಂತರ ವಾಸಂತೀದೇವಿಯವರು ಸುಮಾರು ಅರ್ಧ ಶತಮಾನ ಬದುಕಿದರು. ಪಶ್ಚಿಮ ಬಂಗಾಳ ಸರ್ಕಾರ 1959ರಲ್ಲಿ ಕಲಕತ್ತೆಯಲ್ಲಿ ತೆರೆದ ಮಹಿಳಾ ಕಾಲೇಜಿಗೆ ಅವರ ಹೆಸರನ್ನಿಟ್ಟಿತು. 1973ರಲ್ಲಿ ಭಾರತ ಸರ್ಕಾರ ಪದ್ಮವಿಭೂಷಣವನ್ನಿತ್ತು ಗೌರವಿಸಿತು. 1974ರ ಮೇ ತಿಂಗಳಲ್ಲಿ, ತೊಂಬತ್ತನಾಲ್ಕರ ವಯಸ್ಸಿನಲ್ಲಿ, ಅವರು ಕಣ್ಮುಚ್ಚಿದರು.